ಪಂಚಮಿಗೆ ಸೋದರತ್ತೆಯನ್ನು ಬೈಕಿನಲ್ಲಿ ಕರೆತರಬೇಕಿದೆ: ಮೊದಲ ಸಲ ಹಿಂದೆ ಕೂರುವವರಿಗೆ ಏನು ಸಿದ್ಧತೆ ಬೇಕು?

ಪ್ರಶ್ನೆ: ಆನಗೋಡು ಸೀಮೆಯವನು

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ತಾಲ್ಲೂಕಿನಲ್ಲಿ ಆನಗೋಡಿನಿಂದ ಸ್ವಲ್ಪ ಒಳಗಿರುವ ಹಳ್ಳಿ. ನನ್ನ ಸೋದರತ್ತೆಯನ್ನು, ಅಂದರೆ ನಮ್ಮ ತಂದೆಯವರ ಅಕ್ಕನನ್ನು, ಚಿತ್ರದುರ್ಗಕ್ಕೆ ಕೊಟ್ಟಿದೆ. ನಾಗರಪಂಚಮಿ ಹತ್ತಿರವಾಗುತ್ತಿದ್ದಂತೆ ತಂದೆಯವರೇ ಹೋಗಿ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಬರುವುದು ಮೊದಲಿನಿಂದಲೂ ನಮ್ಮ ಮನೆಯ ವಾಡಿಕೆ. ಈ ಸಲ ತಂದೆಯವರಿಗೆ ಮಂಡಿನೋವು ಹೆಚ್ಚಾಗಿರುವುದರಿಂದ ಆ ಜವಾಬ್ದಾರಿ ನನ್ನ ಹೆಗಲಿಗೆ ಬಂದಿದೆ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದೇ ತಡ, ಅತ್ತೆಯವರು "ಹಂಗಾದ್ರೆ ಬಸ್ಸು ಬ್ಯಾಡ ಬಿಡು, ನಿನ್ನ ಗಾಡಿ ಮ್ಯಾಲೇ ಬರ್ತೀನಿ" ಎಂದುಬಿಟ್ಟರು.

ಅರವತ್ತು ದಾಟಿರುವ ಅತ್ತೆಯವರು ಇದುವರೆಗೆ ಒಮ್ಮೆಯೂ ಬೈಕಿನ ಮೇಲೆ ಕುಳಿತವರಲ್ಲ. ಮಾವನವರು ಬದುಕಿರುವ ತನಕ ಸೈಕಲ್ಲಿನಲ್ಲೇ ಓಡಾಡಿದರು, ಮಕ್ಕಳಿಗೆ ಕಾರಿದೆ, ಹೀಗಾಗಿ ಬೈಕಿನ ಸಂದರ್ಭವೇ ಅವರಿಗೆ ಬಂದಿರಲಿಲ್ಲ. ಆಸೆಯಂತೂ ಬಲವಾಗಿದೆ. ಅವರು ಗಟ್ಟಿಮುಟ್ಟಾಗಿದ್ದಾರೆ, ಆದರೆ ಸೀರೆಯ ಹೊರತು ಬೇರೆ ಉಡುಪು ಧರಿಸುವವರಲ್ಲ.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 125 ಸಿ.ಸಿ. ಗಾಡಿ. ಅಂದ ಕಾಣಲೆಂದು ಹಿಂದಿನ ಮಾಲೀಕರು ಸೀರೆ ಗಾರ್ಡ್ ಬಿಚ್ಚಿಸಿದ್ದಾರೆ. ಗೆಳೆಯರನ್ನು ಕೂರಿಸಿಕೊಂಡು ಓಡಿಸಿದ ಅಭ್ಯಾಸ ನನಗಿದೆ. ಹಿರಿಯರನ್ನು, ಅದರಲ್ಲಿಯೂ ಹೊಸದಾಗಿ ಕೂರುವವರನ್ನು, ಕರೆದೊಯ್ದ ಅನುಭವವಿಲ್ಲ. ಅವರನ್ನು ಒಂದೇ ಬದಿಗೆ ಕೂರಿಸಬೇಕೇ, ಎರಡೂ ಕಡೆ ಕಾಲು ಹಾಕಿಸಬೇಕೇ? ಹೆದ್ದಾರಿಯಲ್ಲಿ 40 ಕಿ.ಮೀ.ಗೂ ಹೆಚ್ಚಿನ ದಾರಿ ಮೊದಲ ಸವಾರಿಗೆ ತಕ್ಕುದೇ? ಹೊರಡುವ ಮೊದಲು ಅವರಿಗೆ ಏನೇನು ಹೇಳಿಕೊಡಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ದುರ್ಗದ ನಿವೃತ್ತ ಶಿಕ್ಷಕಿ

ತಮ್ಮಾ, ನಿನ್ನ ಅತ್ತೆಯವರ ಆಸೆ ಓದಿ ಸಂತೋಷವಾಯಿತು. ಊರಿಂದ ಊರಿಗೆ ವರ್ಗವಾಗುತ್ತಿದ್ದ ಕಾಲದಲ್ಲಿ ಮೊದಲು ಅಣ್ಣನ ಹಿಂದೆ, ಆಮೇಲೆ ನಮ್ಮ ಯಜಮಾನರ ಹಿಂದೆ ಸೀರೆಯುಟ್ಟೇ ಕುಳಿತು ಓಡಾಡಿದವಳು ನಾನು. ಗಾಡಿ ಓಡಿಸುವವರು ಸಾಮಾನ್ಯವಾಗಿ ಮುಂದಿನ ರಸ್ತೆಯ ಬಗ್ಗೆ ಯೋಚಿಸುತ್ತಾರೆಯೇ ಹೊರತು ಹಿಂದೆ ಕುಳಿತವರ ಕೈ, ಕಾಲು, ಸೆರಗು ಎಲ್ಲಿವೆ ಎಂಬುದರ ಬಗ್ಗೆ ಯೋಚಿಸುವುದಿಲ್ಲ. ಆದ್ದರಿಂದ ಹಿಂದಿನ ಸೀಟಿನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಎರಡೂ ಕಡೆ ಕಾಲು ಹಾಕಿ ಕೂರುವುದೇ ಹೆಚ್ಚು ಸುರಕ್ಷಿತ, ಅದರಲ್ಲಿ ಎರಡು ಮಾತಿಲ್ಲ. ಭಾರ ಗಾಡಿಯ ನಟ್ಟನಡುವೆ ಬೀಳುತ್ತದೆ, ಎರಡು ಪಾದಗಳಿಗೂ ಆಸರೆ ಸಿಗುತ್ತದೆ. ಆದರೆ ಅರವತ್ತರ ನಂತರ ಕಾಲನ್ನು ಎತ್ತಿ ಸೀಟಿನ ಆಚೆಗೆ ಹಾಕುವುದು ಸೊಂಟಕ್ಕೂ ತೊಡೆಗೂ ಸುಲಭದ ಕೆಲಸವಲ್ಲ, ಸೀರೆಯಲ್ಲಂತೂ ಮತ್ತೂ ಕಷ್ಟ. ನಮ್ಮ ಬೀದಿಯಲ್ಲಿ ಎಂದೂ ಸೀರೆ ಬಿಡದಿದ್ದ ಹೆಂಗಸರು ಉತ್ತರ ಭಾರತದ ಯಾತ್ರೆಗೆಂದು ಚೂಡಿದಾರ್ ಹೊಲಿಸಿಕೊಂಡು, ವಾಪಸು ಬಂದ ಮೇಲೂ ಅದನ್ನೇ ಮುಂದುವರಿಸಿದ್ದನ್ನು ನೋಡಿದ್ದೇನೆ. ಒಮ್ಮೆ ಕೇಳಿ ನೋಡು. ಒಪ್ಪದಿದ್ದರೆ ಒತ್ತಾಯ ಮಾಡಬೇಡ. ಒಂದೇ ಬದಿಗೆ ಕೂರಿಸುವುದಾದರೆ ಅದಕ್ಕೆ ತಕ್ಕಂತೆ ನಿಧಾನವಾಗಿ ಓಡಿಸುವ ಹೊಣೆ ನಿನ್ನದು.

ಒಂದು ಬದಿಗೆ ಕುಳಿತವರ ಮುಖ ಎಡಕ್ಕಿರುತ್ತದೆ, ನೀನು ಅವರ ಬಲಕ್ಕೆ ಬರುತ್ತೀಯೆ. ಬಲಗೈ ನಿನ್ನ ಹೆಗಲ ಮೇಲಿರಲಿ ಅಥವಾ ಸೊಂಟದ ಬಳಿ ಅಂಗಿಯ ಮೇಲಿನ ಬೆಲ್ಟನ್ನು ಹಿಡಿದಿರಲಿ. ಎಡಗೈ ಸೀಟಿನ ಹಿಂದಿನ ಹಿಡಿಕೆಯನ್ನು ಬಿಡಲೇಬಾರದು. ಹೊಸಬರು ಮಾಡುವ ಕೆಲಸವೇನೆಂದರೆ ಎಡಗೈಯನ್ನು ಹಿಡಿಕೆಯಿಂದ ಬಿಡಿಸಿ ಪದೇ ಪದೇ ಸೆರಗು ಸರಿಮಾಡಿಕೊಳ್ಳುವುದು. ಆ ಅಗತ್ಯವೇ ಬೀಳದಂತೆ ಮನೆಯಲ್ಲೇ ಸೆರಗನ್ನು ಬೆನ್ನ ಮೇಲಿಂದ ಸುತ್ತಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಭುಜದ ಬಳಿ ಪಿನ್ ಹಾಕಿಸು. ಪಾಲಿಯೆಸ್ಟರ್ ಸೀರೆ ಗಾಳಿಗೆ ಹಾರಾಡುತ್ತದೆ, ಸೀಟಿನ ಮೇಲೆ ಜಾರುತ್ತದೆ ಕೂಡ. ಸ್ವಲ್ಪ ಹಳೆಯ, ಗಂಜಿ ಹೋದ ಹತ್ತಿಯ ಸೀರೆ ಈ ಕೆಲಸಕ್ಕೆ ಮೇಲು. ಹೊಸ ಸೀರೆಯನ್ನು ತವರಿಗೆ ಬಂದು ಉಟ್ಟರಾಯಿತು.

ಇನ್ನು ಹೆಲ್ಮೆಟ್. ಹಿಂದೆ ಕೂರುವವರಿಗೂ ಅದು ಕಡ್ಡಾಯವೆಂದು 1988ರ ಮೋಟಾರು ವಾಹನಗಳ ಕಾಯ್ದೆಯ 129ನೇ ಸೆಕ್ಷನ್ ಹೇಳುತ್ತದೆ, ನಮ್ಮ ರಾಜ್ಯದಲ್ಲಿ 2016ರಿಂದ ಅದನ್ನು ಬಿಗಿಯಾಗಿ ಜಾರಿಗೆ ತರಲಾಗಿದೆ. ತೊಂದರೆಯಿರುವುದು ತುರುಬಿನದು. ತುರುಬು ಕಟ್ಟಿಕೊಂಡು ಹೆಲ್ಮೆಟ್ ಹಾಕಿದರೆ ಅದು ಹಣೆಯ ಮೇಲೆ ಜಾರಿ ಕಣ್ಣಿಗೆ ಅಡ್ಡ ಬರುತ್ತದೆ ಅಥವಾ ತಲೆಯ ಮೇಲೆ ಕೂರದೆ ಓಲಾಡುತ್ತದೆ. ಜಡೆ ಹೆಣೆದು ಬೆನ್ನಿಗೆ ಬಿಟ್ಟು, ಅದರ ತುದಿಯನ್ನು ಸೆರಗಿನೊಳಗೆ ಸೇರಿಸಿದರೆ ಸರಿಹೋಗುತ್ತದೆ. ನಿನ್ನ ಹಳೆಯ ಹೆಲ್ಮೆಟ್ ಕೊಡಬೇಡ. ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ, ಅವರ ತಲೆಯ ಅಳತೆಯದನ್ನು, ಐಎಸ್‌ಐ ಗುರುತಿರುವುದನ್ನು ತೆಗೆಸು. ಗಲ್ಲದ ಪಟ್ಟಿ ಹಾಕುವುದನ್ನೂ ಬಿಚ್ಚುವುದನ್ನೂ ಅವರ ಕೈಯಿಂದಲೇ ಮಾಡಿಸು. ಹೆಲ್ಮೆಟ್ ಹಾಕಿಕೊಂಡಾಗ ಉಸಿರು ಕಟ್ಟಿದಂತಾಗುತ್ತದೆ ಎಂಬ ದೂರು ಮೊದಲ ಸಲ ಎಲ್ಲರಿಂದಲೂ ಬರುತ್ತದೆ. ಮನೆಯಲ್ಲಿ ಅರ್ಧ ಗಂಟೆ ಹಾಕಿಕೊಂಡು ಓಡಾಡಿದರೆ ಅದು ತಾನಾಗಿ ಹೋಗುತ್ತದೆ.

ಹೆಲ್ಮೆಟ್ ಹಾಕಿದ ಮೇಲೆ ಗಾಳಿಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಸನ್ನೆ ಗೊತ್ತುಮಾಡಿಕೊಳ್ಳಿ: ಹೆಗಲ ಮೇಲೆ ಒಮ್ಮೆ ತಟ್ಟಿದರೆ ನಿಧಾನಿಸಬೇಕು, ಎರಡು ಸಲ ತಟ್ಟಿದರೆ ನಿಲ್ಲಿಸಬೇಕು. ಎರಡು ತಟ್ಟಿದಾಗ "ಯಾಕೆ, ಏನು" ಎಂದು ಓಡಿಸುತ್ತಲೇ ಕತ್ತು ತಿರುಗಿಸಿ ಕೇಳಬಾರದು. ನಿಲ್ಲಿಸಿದ ಮೇಲೆ ಕೇಳಬೇಕು.

ಉತ್ತರ: ದಾವಣಗೆರೆ ಗ್ಯಾರೇಜಿನವ

ಮೇಡಂ ಹೇಳಿದ್ದೆಲ್ಲ ಸರಿಯಾಗಿದೆ. ನಾನು ಗಾಡಿಯ ಮಟ್ಟಿಗೆ ಮಾತ್ರ ಹೇಳುತ್ತೇನೆ.

ಮೊದಲು ಸೀರೆ ಗಾರ್ಡ್ ಹಾಕಿಸಿ, ಆಮೇಲೆ ಉಳಿದ ಮಾತು. ಹುಡುಗರು ಅದನ್ನು ಬಿಚ್ಚಿಸಲು ನಮ್ಮಲ್ಲಿಗೆ ದಿನವೂ ಬರುತ್ತಾರೆ, ಹಿಂದಿನ ಹಿಡಿಕೆಯನ್ನೂ ಬಿಚ್ಚಿ ಎನ್ನುವವರಿದ್ದಾರೆ. ಅವೆರಡೂ ಅಲಂಕಾರದ ಸಾಮಾನುಗಳಲ್ಲ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 123ನೇ ನಿಯಮದಂತೆ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಗಾಲಿಯ ಅರ್ಧಭಾಗಕ್ಕೆ ಕಡಿಮೆಯಾಗದಷ್ಟು ಮರೆ ಇರಲೇಬೇಕು. ಹಿಂಗಾಲಿಯ ಕಡ್ಡಿಗಳ ನಡುವೆ ಸೆರಗಿನ ಒಂದು ಮೂಲೆ ಸಿಕ್ಕಿತೆಂದರೆ ಚಕ್ರ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಇಡೀ ಸೀರೆಯನ್ನು ಎಳೆದುಕೊಳ್ಳುತ್ತದೆ. ಬ್ರೇಕ್ ಹಿಡಿಯುವ ಹೊತ್ತಿಗೆ ಕುಳಿತವರು ನೆಲದ ಮೇಲಿರುತ್ತಾರೆ. ಅಲಾಯ್ ವೀಲ್ ಇದ್ದರೆ ಅಪಾಯವಿಲ್ಲ ಎಂಬ ನಂಬಿಕೆಯೂ ಸುಳ್ಳು, ಚೈನಿನ ಕಡೆಯಿಂದಲೂ ಬಟ್ಟೆ ಸಿಕ್ಕಿಕೊಳ್ಳಬಹುದು. ಗಾರ್ಡ್ ಕೊಳ್ಳುವಾಗ ಕೆಳಗಡೆ ಎರಡೂ ಪಾದ ಇಡಲು ಅಗಲವಾದ ತಗಡಿನ ಮೆಟ್ಟಿಲು ಇರುವಂಥದ್ದನ್ನೇ ಕೇಳಿ. ಒಂದು ಬದಿಗೆ ಕೂರುವವರ ಎರಡನೆಯ ಕಾಲು ಗಾಳಿಯಲ್ಲಿ ತೂಗಾಡಿದರೆ ಸ್ವಲ್ಪ ದೂರದಲ್ಲೇ ಜೋಮು ಹಿಡಿಯುತ್ತದೆ.

ಹಿಂದಿನ ಟಯರಿನ ಗಾಳಿ ಒಬ್ಬರಿಗೆ ಒಂದು ಅಳತೆ, ಇಬ್ಬರಿಗೆ ಇನ್ನೊಂದು. ಎರಡೂ ಅಂಕಿಗಳು ಸಾಮಾನ್ಯವಾಗಿ ಚೈನ್ ಕವರಿನ ಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತವೆ, ಇಲ್ಲವಾದರೆ ಗಾಡಿಯ ಜೊತೆಗೆ ಬಂದ ಪುಸ್ತಕದಲ್ಲಿರುತ್ತವೆ. ಟಯರು ತಣ್ಣಗಿರುವಾಗ, ಬೆಳಿಗ್ಗೆ ಹೊರಟ ಕೂಡಲೇ ಹತ್ತಿರದ ಬಂಕಿನಲ್ಲಿ ಹಿಡಿಸಿ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಉಂಗುರವಿರುತ್ತದೆ. ಅದನ್ನು ಒಂದೆರಡು ಮೆಟ್ಟಿಲು ಬಿಗಿ ಮಾಡಿಸಿದರೆ ಹಂಪ್ಸ್ ದಾಟುವಾಗ ಗಾಡಿ ತಳ ಹೊಡೆಯುವುದಿಲ್ಲ. ಎರಡೂ ಬದಿಯ ಶಾಕ್‌ಗಳು ಒಂದೇ ಮೆಟ್ಟಿಲಿನಲ್ಲಿರಬೇಕು. ಹಿಂದೆ ಭಾರ ಬಿದ್ದಾಗ ಹೆಡ್‌ಲೈಟಿನ ಬೆಳಕು ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ.

ಬ್ರೇಕಿನ ವಿಷಯ. 2019ರ ಏಪ್ರಿಲ್ ನಂತರ ಮಾರಾಟವಾದ 125 ಸಿ.ಸಿ. ಗಾಡಿಯಾದರೆ ಸಾಮಾನ್ಯವಾಗಿ ಸಿ.ಬಿ.ಎಸ್. ಇರುತ್ತದೆ, ಅಂದರೆ ಕಾಲಿನ ಬ್ರೇಕ್ ಒತ್ತಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಹಾಗೆಂದು ಮುಂದಿನ ಲಿವರ್ ಮರೆಯಬಾರದು. ಇಬ್ಬರ ಭಾರದಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಆದ್ದರಿಂದ ಬೇಗ ಶುರುಮಾಡಿ ಮೆಲ್ಲಗೆ ಹಿಡಿಯಬೇಕು. ನೀವು ಸರಿಯಾಗಿ ಓಡಿಸುತ್ತಿದ್ದೀರೋ ಇಲ್ಲವೋ ತಿಳಿಯಲು ಯಾರನ್ನೂ ಕೇಳಬೇಕಿಲ್ಲ: ಅವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಟಪ್ಪೆಂದು ತಾಗಿದರೆ ಬ್ರೇಕ್ ಒರಟಾಯಿತು ಎಂದರ್ಥ.

ಹತ್ತಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೂರಿಸಬೇಡಿ. ನೀವು ಮೊದಲು ಕುಳಿತು, ಎರಡೂ ಪಾದ ನೆಲಕ್ಕೂರಿ, ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು, "ಈಗ ಹತ್ತಿ" ಎಂದ ಮೇಲೆಯೇ ಅವರು ಎಡಗಡೆಯಿಂದ ಹತ್ತಬೇಕು. ಮನೆ ಮುಂದಿನ ಜಗಲಿಯ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದರೆ ಅರ್ಧ ಎತ್ತರ ಅಲ್ಲೇ ಉಳಿಯುತ್ತದೆ. ಇಳಿಯುವಾಗಲೂ ಎಡಕ್ಕೇ ಇಳಿಯಲಿ, ಬಲಗಡೆ ಸೈಲೆನ್ಸರ್ ಕಾದಿರುತ್ತದೆ. ನಿಲ್ಲಿಸಿದ ಕೂಡಲೇ ಜಿಗಿಯುವುದು ಹೊಸಬರ ಸ್ವಭಾವ. ಹೇಳುವ ತನಕ ಕೂತಲ್ಲೇ ಇರಬೇಕೆಂದು ಮೊದಲೇ ಒಪ್ಪಿಸಿಕೊಳ್ಳಿ.

ಉತ್ತರ: ಹಳೆಯ ಬಸ್ ಚಾಲಕ

ಮೇಲಿನ ಇಬ್ಬರೂ ಹೇಗೆ ಕರೆದೊಯ್ಯಬೇಕೆಂದು ಚೆನ್ನಾಗಿ ಬರೆದಿದ್ದಾರೆ. ಈ ದಾರಿಯಲ್ಲಿ ಈ ಕಾಲದಲ್ಲಿ ಕರೆದೊಯ್ಯಬೇಕೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಎತ್ತುತ್ತೇನೆ.

ಚಿತ್ರದುರ್ಗದಿಂದ ವಿಜಾಪುರ, ಭರಮಸಾಗರ ದಾಟಿ ಆನಗೋಡಿಗೆ ಬರುವುದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಹಳಬರ ಬಾಯಲ್ಲಿ ಅದು ಇನ್ನೂ ಎನ್‌ಎಚ್ 4. ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯ ಭಾರಿ ಲಾರಿಗಳೆಲ್ಲ ಓಡುವುದು ಇದರಲ್ಲೇ. ರಸ್ತೆ ಅಗಲವಾಗಿದೆ, ಚೆನ್ನಾಗಿಯೂ ಇದೆ. ಆದರೆ ಅಗಲವಾದ ರಸ್ತೆಯಲ್ಲಿ ನಿಧಾನವಾಗಿ ಹೋಗುವ ಗಾಡಿಗೇ ಅಪಾಯ ಹೆಚ್ಚು. ಸರ್ವಿಸ್ ರಸ್ತೆಗೆ ಇಳಿದರೆ ಎದುರು ದಿಕ್ಕಿನಿಂದ ನುಗ್ಗುವ ಬೈಕುಗಳು, ದನಗಳು, ಹೊಲದಿಂದ ಹೊರಬಂದ ಟ್ರ್ಯಾಕ್ಟರಿನ ಚಕ್ರ ಉದುರಿಸಿ ಹೋದ ಎರೆಮಣ್ಣು. ಸೋನೆ ಮಳೆಗೆ ಆ ಮಣ್ಣು ನೆನೆದಿದ್ದರೆ ಅದರ ಮೇಲೆ ಬ್ರೇಕ್ ಹಿಡಿಯುವಂತೆಯೇ ಇಲ್ಲ.

ಎಲ್ಲಕ್ಕಿಂತ ದೊಡ್ಡದು ಗಾಳಿ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಎದ್ದ ಗಾಳಿ ಪಂಚಮಿಯ ಹೊತ್ತಿಗೂ ಪೂರ್ತಿ ಇಳಿದಿರುವುದಿಲ್ಲ, ಅದು ಬೀಸುವುದು ಪಶ್ಚಿಮ ಮತ್ತು ನೈಋತ್ಯದಿಂದ. ನೀವು ವಾಯವ್ಯ ದಿಕ್ಕಿಗೆ ಬರುತ್ತೀರಾದ್ದರಿಂದ ಗಾಳಿ ನಿಮ್ಮ ಎಡಮಗ್ಗುಲಿಗೆ ಹೊಡೆಯುತ್ತದೆ, ಒಂದು ಬದಿಗೆ ಕುಳಿತ ಅತ್ತೆಯವರಿಗೆ ನೇರವಾಗಿ ಮುಖಕ್ಕೆ. ಗಾಡಿಯನ್ನು ಅದು ಬಲಕ್ಕೆ, ಅಂದರೆ ವೇಗದ ವಾಹನಗಳ ಕಡೆಗೆ ತಳ್ಳುತ್ತಿರುತ್ತದೆ, ನೀವು ತಿಳಿಯದೆಯೇ ಹ್ಯಾಂಡಲನ್ನು ಅದಕ್ಕೆದುರಾಗಿ ಒತ್ತಿ ಹಿಡಿದಿರುತ್ತೀರಿ. ಈಗ ಒಂದು ಲಾರಿಯನ್ನು ಹಿಂದಿಕ್ಕುತ್ತೀರಿ ಎನ್ನಿ. ಲಾರಿ ಎಡಕ್ಕೆ ಬಂದೊಡನೆ ಗಾಳಿ ಮರೆಯಾಗಿ ಗಾಡಿ ಲಾರಿಯತ್ತ ವಾಲುತ್ತದೆ. ಅದರ ಮೂತಿ ದಾಟಿ ಹೊರಬಿದ್ದ ಕ್ಷಣ ಅಷ್ಟೂ ಗಾಳಿ ಒಮ್ಮೆಗೇ ಬಡಿದು ಬಲಕ್ಕೆ ದೂಡುತ್ತದೆ. ಒಬ್ಬರೇ ಇದ್ದಾಗ ಇದನ್ನು ಸಂಭಾಳಿಸಬಹುದು. ಹಿಂದೆ ಕುಳಿತವರು ಗಾಬರಿಯಿಂದ ಮೈಯನ್ನು ಎದುರು ಬದಿಗೆ ಎಳೆದುಕೊಂಡರೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೇ ಹೊಸಬರಿಗೆ ಹೇಳುವುದು: ಅಕ್ಕಿಮೂಟೆಯಂತೆ ಕೂತಿರಿ, ಗಾಡಿ ವಾಲಿದತ್ತ ವಾಲಿ, ಅದನ್ನು ಸರಿಪಡಿಸಲು ಹೋಗಬೇಡಿ.

ಕೊಡೆಯ ಬಗ್ಗೆಯೂ ಒಂದು ಮಾತು. ಹನಿ ಬಿದ್ದ ಕೂಡಲೇ ಹಿಂದೆ ಕುಳಿತವರು ಕೊಡೆ ಬಿಚ್ಚುವುದನ್ನು ನಮ್ಮ ಕಡೆ ಎಷ್ಟೋ ನೋಡಿದ್ದೇನೆ. ಈ ಗಾಳಿಯಲ್ಲಿ ಅದು ಕೈಯನ್ನೂ ಮೈಯನ್ನೂ ಸೇರಿಸಿ ಎಳೆಯುತ್ತದೆ. ಚೀಲದಲ್ಲಿ ಕೊಡೆ ಇಡಲೇಬೇಡಿ.

ನನ್ನ ಅಭಿಪ್ರಾಯದಲ್ಲಿ ಮೊದಲ ಸವಾರಿಗೆ ಹೆದ್ದಾರಿ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವೂ ಇಲ್ಲ. ಗುರುತಿನ ಚೀಟಿ ಇದ್ದರಾಯಿತು. ನೀವಿಬ್ಬರೂ ಆನಗೋಡಿನ ತನಕ ಬಸ್ಸಿನಲ್ಲಿ ಬನ್ನಿ, ಆನಗೋಡಿನಲ್ಲಿ ನಿಲ್ಲುವ ಬಸ್ಸೇ ಎಂದು ಹತ್ತುವ ಮೊದಲು ಕೇಳಿಕೊಳ್ಳಿ. ಅಲ್ಲಿಂದ ಹಳ್ಳಿಯ ತನಕ ಬೈಕಿನಲ್ಲಿ ಕರೆದೊಯ್ಯಿರಿ. ಅವರ ಆಸೆಯೂ ತೀರುತ್ತದೆ, ಊರ ಅಗಸೆಯ ಮುಂದೆ ಬೈಕಿನಿಂದ ಇಳಿಯುವ ಸಂಭ್ರಮವೂ ಸಿಗುತ್ತದೆ. ನನ್ನ ಊಹೆಯಂತೆ ಅವರಿಗೆ ಬೇಕಾಗಿರುವುದು ಅದೇ ಇರಬೇಕು.

ಉತ್ತರ: ದುರ್ಗದ ನಿವೃತ್ತ ಶಿಕ್ಷಕಿ

ಚಾಲಕರು ಗಾಳಿಯ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅತ್ತೆಯವರಿಗೆ ಏನು ಬೇಕು ಎಂಬುದನ್ನು ನಾವು ಮೂವರು ಇಲ್ಲಿ ಕುಳಿತು ತೀರ್ಮಾನಿಸುವುದಕ್ಕಿಂತ ಅವರೇ ಒಂದು ಸಣ್ಣ ಸುತ್ತು ಹಾಕಿ ತೀರ್ಮಾನಿಸುವುದು ಮೇಲಲ್ಲವೇ? ತಮ್ಮಾ, ಹಿಂದಿನ ದಿನವೇ ಗಾಡಿ ತೆಗೆದುಕೊಂಡು ದುರ್ಗಕ್ಕೆ ಬಂದುಬಿಡು. ಬೆಳಿಗ್ಗೆ ಬಿ.ಡಿ. ರಸ್ತೆಯಲ್ಲಿ ಓಡಾಟ ಹೆಚ್ಚುವ ಮೊದಲು ಅವರನ್ನು ಚಂದ್ರವಳ್ಳಿಯ ತನಕ ಕರೆದುಕೊಂಡು ಹೋಗಿ ಬಾ. ದೂರ ಕಡಿಮೆ, ಅಲ್ಲಿ ಕೆರೆಯ ದಂಡೆಯಲ್ಲಿ ಸ್ವಲ್ಪ ಕುಳಿತು ಸುಧಾರಿಸಿಕೊಳ್ಳಬಹುದು. ಜೋಗಿಮಟ್ಟಿಗೆ ಮಾತ್ರ ಬೇಡ, ಅಲ್ಲಿನ ಏರು ಮತ್ತು ತಿರುವುಗಳು ಹೊಸಬರಿಗಲ್ಲ. ವಾಪಸು ಬಂದ ಮೇಲೆ "ಹೇಗಿತ್ತು" ಎಂದು ಕೇಳಬೇಡ. ಯಾರೇ ಆದರೂ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಸೊಂಟ ನೋಯುತ್ತಿದೆಯೇ, ಕಾಲು ಜೋಮು ಹಿಡಿಯಿತೇ, ಹಂಪ್ಸ್ ದಾಟುವಾಗ ಸೀಟಿನಿಂದ ಜಾರಿದಂತಾಯಿತೇ ಎಂದು ಒಂದೊಂದಾಗಿ ಕೇಳು.

ಪ್ರಶ್ನೆ ಕೇಳಿದವರ ಮರುಬರಹ: ಆನಗೋಡು ಸೀಮೆಯವನು

ಎಲ್ಲರಿಗೂ ಅನಂತ ಧನ್ಯವಾದಗಳು. ಸೀರೆ ಗಾರ್ಡ್ ಇವತ್ತೇ ಹಾಕಿಸಿದೆ, ಪಾದ ಇಡುವ ತಗಡು ಇರುವುದೇ ಸಿಕ್ಕಿತು. ಹಿಂದಿನ ದಿನ ಹೋಗಿ ಚಂದ್ರವಳ್ಳಿಯ ತನಕ ಒಂದು ಸುತ್ತು ಹಾಕಿಸುವುದೆಂದು ನಿರ್ಧರಿಸಿದ್ದೇನೆ. ಮರುದಿನ ಗಾಳಿ ಜೋರಾಗಿದ್ದರೆ ಅಥವಾ ಮಳೆ ಹಿಡಿದಿದ್ದರೆ, ಅತ್ತೆಯವರು ಎಷ್ಟೇ ಹಟ ಮಾಡಿದರೂ ಬಸ್ಸು. ನಾನು ಗಾಡಿಯಲ್ಲಿ ಮುಂದೆ ಬಂದು ಆನಗೋಡಿನಲ್ಲಿ ಕಾಯುತ್ತೇನೆ, ಬಸ್ಸಿನಲ್ಲಿ ಅತ್ತೆಯವರ ಜೊತೆಗೆ ಅವರ ಮೊಮ್ಮಗ ಬರುತ್ತಾನೆ. ಈ ಕರಾರನ್ನು ಫೋನಿನಲ್ಲಿ ಓದಿ ಹೇಳಿದೆ. ಹೆಲ್ಮೆಟ್ಟಿಗೂ ಜಡೆಗೂ ಒಪ್ಪಿದರು. ಚೂಡಿದಾರ್ ಮಾತು ಎತ್ತಿದ್ದಕ್ಕೆ ಬೈಸಿಕೊಂಡೆ.

ಉಳಿದಿರುವುದು ಒಂದೇ ಸಮಸ್ಯೆ. ತವರಿಗೆ ಬರಿಗೈಯಲ್ಲಿ ಬರುವವರಲ್ಲ ಅವರು. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ತುಂಬಿದ ಸ್ಟೀಲ್ ಡಬ್ಬವೊಂದು ಜೊತೆಗೆ ಬರುವುದು ಖಚಿತ. ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಾವಣಗೆರೆ ಗ್ಯಾರೇಜಿನವ

ತೊಡೆಯ ಮೇಲೆ ಖಂಡಿತ ಬೇಡ, ಡಬ್ಬ ಜಾರಿದರೆ ಅದನ್ನು ಹಿಡಿಯಲು ಎರಡೂ ಕೈ ಬಿಡುತ್ತಾರೆ. ಹ್ಯಾಂಡಲಿಗೂ ನೇತುಹಾಕಬೇಡಿ, ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಬ್ರೇಕ್ ಲಿವರಿಗೂ ಅಡ್ಡ ಬರುತ್ತದೆ. ಒಂದು ಬದಿಗೆ ಕೂರುವವರಿಗೆ ಸೀಟಿನ ಉದ್ದವೆಲ್ಲ ಬೇಕಾದ್ದರಿಂದ ನಿಮ್ಮಿಬ್ಬರ ನಡುವೆಯೂ ಜಾಗವಿರುವುದಿಲ್ಲ. ಉಂಡೆಗಳನ್ನು ಎರಡು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಾಕಿಸಿ, ಶಾಲೆಯ ಮಕ್ಕಳು ಬೆನ್ನಿಗೆ ಹಾಕುವಂಥ ಚೀಲದಲ್ಲಿಟ್ಟು, ಅದನ್ನು ನಿಮ್ಮ ಎದೆಯ ಕಡೆಗೆ ಹಾಕಿಕೊಳ್ಳಿ. ಚೀಲದ ತಳ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವಷ್ಟು ಪಟ್ಟಿ ಉದ್ದ ಮಾಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಿಕೊಂಡ ಮೇಲೆ ಹೊರಡಿ. ಅದಕ್ಕಿಂತ ಹೆಚ್ಚು ಸಾಮಾನಿದ್ದರೆ, ಹೇಗೂ ಮೊಮ್ಮಗ ಇದ್ದಾನಲ್ಲ, ಅವನ ಕೈಯಲ್ಲಿ ಬಸ್ಸಿಗೆ ಕಳಿಸಿ.